ನಾಪಾ ಯೋಜಕ

ನಾಪಾ ಯೋಜಕನೆಂಬ ಮನುಷ್ಯ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣಕ್ಕೂ ಪೂರ್ವಕ್ಕೂ ಇರುವ ಸನ್ನಿವೇಲ್, ಕುಪರ್ಟಿನೊ, ಫ್ರೀಮಾಂಟ್, ಡಬ್ಲಿನ್ ಊರುಗಳಲ್ಲಿ ಹೇರಳವಾಗಿ ಸಿಗುತ್ತಾನೆ. ವಯಸ್ಸು ಮೂವತ್ತೈದರಿಂದ ಐವತ್ತು. ಕಸುಬು ಸಾಫ್ಟ್‌ವೇರ್. ಹುಟ್ಟೂರು ಮೈಸೂರು, ಶಿವಮೊಗ್ಗ, ಹುಬ್ಬಳ್ಳಿ, ಬೆಂಗಳೂರಿನ ಯಾವುದೋ ಬಡಾವಣೆ, ಏನು ಬೇಕಾದರೂ ಆಗಬಹುದು. ಲೋಕದಲ್ಲಿ ಎಲ್ಲರೂ ಸಿಗುತ್ತಾರೆ, ಯೋಜನೆ ಹಾಕುವವನೊಬ್ಬ ಸಿಗುವುದಿಲ್ಲ ಎಂದು ಹಳಬರು ಕೊರಗಿದ್ದು ಈ ಸೀಮೆಯನ್ನು ನೋಡದೆ. ಇಲ್ಲಿ ಮನೆಗೊಬ್ಬ ಇದ್ದಾನೆ. ಗಂಡ ಹೆಂಡತಿ ಇಬ್ಬರೂ ಅದೇ ಆಗಿರುವ ಮನೆಗಳೂ ಉಂಟು, ಅಲ್ಲಿಗೆ ನೆಂಟರು ಎರಡನೆಯ ಸಲ ಬರುವುದಿಲ್ಲ. ವರ್ಷದ ಬಹುಭಾಗ ಯೋಜಕ ನಿರುಪದ್ರವಿ. ಊರಿಂದ ಅತ್ತೆ, ಮಾವ, ಚಿಕ್ಕಪ್ಪ, ಷಡ್ಡಕ ಯಾರದಾದರೂ ಟಿಕೆಟ್ ಖಾತ್ರಿಯಾಯಿತೆಂಬ ಸುದ್ದಿ ಬಂದ ರಾತ್ರಿಯಿಂದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಊರಿಂದ ಬಂದವರಿಗೆ ಮೂರು ಜಾಗ ತೋರಿಸಲೇಬೇಕೆಂಬ ಕಟ್ಟಳೆ ಬೇ ಏರಿಯಾದಲ್ಲಿದೆ: ಗೋಲ್ಡನ್ ಗೇಟ್ ಸೇತುವೆ, ಯೊಸೆಮಿಟಿ, ನಾಪಾ. ಮೊದಲ ಎರಡರಲ್ಲಿ ಯೋಜಕನ ಪ್ರತಿಭೆಗೆ ಅವಕಾಶ ಕಡಿಮೆ. ಸೇತುವೆ ಇರುವುದು ಒಂದೇ. ಮಂಜು ಕವಿದ ದಿನ ಅದೂ ಇಲ್ಲ. ಯೊಸೆಮಿಟಿಯಲ್ಲಿ ಬಂಡೆ, ಜಲಪಾತ ಇದ್ದಲ್ಲೇ ಇವೆ, ರಸ್ತೆ ಕರೆದುಕೊಂಡು ಹೋದಲ್ಲಿ ಇಳಿದು ಫೋಟೊ ತೆಗೆದರಾಯಿತು. ನಾಪಾ ಕಣಿವೆ ಹಾಗಲ್ಲ. ಉದ್ದ ಸುಮಾರು 48 ಕಿಲೋಮೀಟರ್, ಅಗಲ ಹೆಚ್ಚೆಂದರೆ 8. ಅಷ್ಟರೊಳಗೆ 400ಕ್ಕೂ ಹೆಚ್ಚು ವೈನರಿಗಳು. ಒಂದು ದಿನಕ್ಕೆ ಮೂರು, ಗಟ್ಟಿಗರಾದರೆ ನಾಲ್ಕು ಎಂಬುದು ಹೋಗಿ ಬಂದವರೆಲ್ಲ ಹೇಳುವ ಲೆಕ್ಕ. ನಾನೂರರಲ್ಲಿ ಮೂರನ್ನು ಆರಿಸಬೇಕಾದಾಗ ಸಾಮಾನ್ಯ ಮನುಷ್ಯ ರಸ್ತೆಯಲ್ಲಿ ಕಣ್ಣಿಗೆ ಬಿದ್ದ ಮೊದಲ ಬೋರ್ಡಿನ ಕಡೆಗೆ ಗಾಡಿ ತಿರುಗಿಸುತ್ತಾನೆ. ಯೋಜಕ ಲ್ಯಾಪ್‌ಟಾಪ್ ತೆರೆಯುತ್ತಾನೆ.

ಹೀಗೆ ತೆರೆದ ಸ್ಪ್ರೆಡ್‌ಶೀಟಿನಲ್ಲಿ ಮೊದಲ ಕಾಲಂ ವೈನರಿಯ ಹೆಸರು, ಎರಡನೆಯದು ಸ್ಥಾಪನೆಯ ವರ್ಷ, ಮೂರನೆಯದು ದ್ರಾಕ್ಷಿಯ ಜಾತಿ. ಇಲ್ಲಿಯವರೆಗೆ ವಿಷಯ ವೈನಿಗೆ ಸಂಬಂಧಪಟ್ಟದ್ದು. ಆಮೇಲೆ ಟೇಸ್ಟಿಂಗಿನ ಶುಲ್ಕ, ಆ ಶುಲ್ಕಕ್ಕೆ ಎಷ್ಟು ಬಗೆ ಸುರಿಯುತ್ತಾರೆ, ಬಾಟಲಿ ಕೊಂಡರೆ ಶುಲ್ಕ ಬಿಡುತ್ತಾರೆಯೇ, ಪಾರ್ಕಿಂಗಿನಿಂದ ಬಾಗಿಲವರೆಗೆ ನಡೆಯಬೇಕಾದ ದೂರ, ಮೆಟ್ಟಿಲು, ನೆರಳು, ಶೌಚಾಲಯ, ಕುರ್ಚಿಗೆ ಒರಗಲು ಬೆನ್ನು ಇದೆಯೇ ಇಲ್ಲವೇ. ಪ್ರತಿ ಕಾಲಮ್ಮಿಗೂ ಇಷ್ಟಿಷ್ಟು ಅಂಕವೆಂದು ತೂಕ ಕಟ್ಟಿ, ಕೂಡಿಸಿ, ಗೆದ್ದವರನ್ನು ಮೇಲಕ್ಕೆ ತರುವ ಸೂತ್ರವೊಂದು ಇರುತ್ತದೆ. ಸೂತ್ರ ಮೊದಲ ಸಲ ಓಡಿದಾಗ ಮೇಲೆ ಬರುವುದು ಯೋಜಕ ಮನಸ್ಸಿನಲ್ಲಿಟ್ಟುಕೊಂಡಿದ್ದ ವೈನರಿಯಲ್ಲ. ಒಳ್ಳೆಯ ಶೌಚಾಲಯವಿರುವ ಇನ್ಯಾವುದೋ. ಆಗ ಆತ ತೂಕಗಳನ್ನು ತಿದ್ದುತ್ತಾನೆ. ತನಗೆ ಬೇಕಾದದ್ದು ಗೆಲ್ಲುವವರೆಗೂ ತಿದ್ದುವುದು ನಡೆಯುತ್ತದೆ, ಗೆದ್ದ ಮೇಲೆ ಅದಕ್ಕೆ ವಸ್ತುನಿಷ್ಠ ಆಯ್ಕೆ ಎಂದು ಹೆಸರು. ಆಫೀಸಿನಲ್ಲಿ ಈತನಿಗೆ ಬಡ್ತಿ ಸಿಕ್ಕಿದ್ದೂ ಇದೇ ವಿದ್ಯೆಯಿಂದ.

ಪಟ್ಟಿಯಲ್ಲಿ ಬೂದು ಬಣ್ಣ ಹಚ್ಚಿದ ಒಂದು ಸಾಲು ಎಲ್ಲ ಯೋಜಕರಲ್ಲೂ ಸಮಾನ: ಸ್ಕ್ರೀಮಿಂಗ್ ಈಗಲ್. 1992ರ ಬೆಳೆಯಿಂದ ಶುರುವಾಗಿ, ರಾಬರ್ಟ್ ಪಾರ್ಕರ್ ಎಂಬ ವಿಮರ್ಶಕನ ಅಂಕಗಳಿಂದ ಆಕಾಶಕ್ಕೇರಿದ ಹೆಸರು ಅದು. ಅಲ್ಲಿ ಸಾರ್ವಜನಿಕರಿಗೆ ಟೇಸ್ಟಿಂಗ್ ಇಲ್ಲ. ಬಾಟಲಿ ಬೇಕೆಂದರೂ ಹೆಸರು ನೋಂದಾಯಿಸಿ ಸರದಿಗೆ ಕಾಯಬೇಕು. ಇದು ಯೋಜಕನಿಗೆ ಚೆನ್ನಾಗಿ ಗೊತ್ತು. ಆದರೂ ಆ ಸಾಲನ್ನು ಅಳಿಸುವುದಿಲ್ಲ. ಕೇಳಿದರೆ ‘ಸುಮ್ನೆ, ರೆಫರೆನ್ಸಿಗೆ ಇರ್ಲಿ’ ಎನ್ನುತ್ತಾನೆ.

ಆಯ್ಕೆಯಲ್ಲಿ ಸಂಪ್ರದಾಯಗಳು ಹಲವು. ಹಳೆಯದನ್ನು ಹಿಡಿಯುವವರು ವರ್ಷದ ಕಾಲಮ್ಮಿನ ಮೇಲಿಂದ ಕೆಳಕ್ಕೆ ಬರುತ್ತಾರೆ: ಚಾರ್ಲ್ಸ್ ಕ್ರುಗ್ 1861, ಶ್ರಾಮ್ಸ್‌ಬರ್ಗ್ 1862, ಬೆರಿಂಜರ್ 1876, ಇಂಗಲ್‌ನುಕ್ 1879. ಇವರ ಬಾಯಲ್ಲಿ ಪಾನನಿಷೇಧದ ಕಾಲ, ಅಂದರೆ 1920ರಿಂದ 1933, ಪದೇಪದೇ ಬರುತ್ತದೆ. ಆ ಹದಿಮೂರು ವರ್ಷ ಕಣಿವೆಯ ಬಹುಪಾಲು ವೈನರಿಗಳು ಬಾಗಿಲು ಹಾಕಿದ್ದು, ಬೆರಳೆಣಿಕೆಯವು ಇಗರ್ಜಿಯ ಪೂಜೆಗೆ ವೈನು ಮಾಡಿಕೊಟ್ಟು ಬದುಕಿದ್ದು ಇವರಿಗೆ ಕಣ್ಣಾರೆ ಕಂಡ ಹಾಗೆ. ಇದರಲ್ಲಿ ಶ್ರಾಮ್ಸ್‌ಬರ್ಗಿಗೆ ವಿಶೇಷ ಸ್ಥಾನ. 1972ರಲ್ಲಿ ನಿಕ್ಸನ್ ಬೀಜಿಂಗಿಗೆ ಹೋದಾಗ ಚೌ ಎನ್‌ಲಾಯ್ ಜೊತೆಗಿನ ಔತಣಕ್ಕೆ ಒಯ್ದದ್ದು ಅಲ್ಲಿಯ ನೊರೆವೈನು. ಊರಿಂದ ಬಂದ ಮಾವನವರಿಗೆ ದ್ರಾಕ್ಷಿಯ ವಿಚಾರದಲ್ಲಿ ಆಸಕ್ತಿಯಿಲ್ಲದಿದ್ದರೂ ನಿಕ್ಸನ್ ವಿಚಾರದಲ್ಲಿ ಇರುತ್ತದೆ, ಮತ್ತು ಒಳ್ಳೆಯದಿರುವುದಿಲ್ಲ. ಆ ಔತಣದ ಹಿಂದಿನ ವರ್ಷ ಬಂಗಾಳ ಕೊಲ್ಲಿಗೆ ಅಮೆರಿಕದ ನೌಕಾಪಡೆ ಬಂದದ್ದನ್ನು ಅವರು ಇನ್ನೂ ಮರೆತಿಲ್ಲ.

ಎರಡನೆಯ ಸಂಪ್ರದಾಯ ಸಣ್ಣ ವೈನರಿಯದು. ಈ ಮತದವರು ಸಾಮಾನ್ಯವಾಗಿ ಆಫೀಸಿನ ಸಹೋದ್ಯೋಗಿಗಳು. ದೊಡ್ಡ ಹೆಸರುಗಳೆಲ್ಲ ಪ್ರವಾಸಿಗರಿಗೆ, ನಿಜವಾದ ವೈನು ಬೇಕಾದರೆ ಗುಡ್ಡದ ಮೇಲೊಂದು ಜಾಗವಿದೆ, ಮಾಲೀಕನೇ ಸುರಿದು ಕೊಡುತ್ತಾನೆ, ಅವನ ನಾಯಿ ಬಂದು ಕಾಲ ಹತ್ತಿರ ಮಲಗುತ್ತದೆ ಎನ್ನುತ್ತಾರೆ. ಹೆಸರು ಕೇಳಿದರೆ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಾದರೆ ಹಾಳಾಗುತ್ತದಂತೆ. ಹೇಳುವುದಿಲ್ಲವೆಂದ ಮೇಲೆ ಸುದ್ದಿ ಎತ್ತಿದ್ದಾದರೂ ಏಕೆಂಬುದು ವಿಚಾರಾರ್ಹ. ಮೂರನೆಯವರು ‘ನಾಪಾ ಯಾಕ್ರೀ, ಸೊನೋಮಾಗೆ ಹೋಗಿ’ ಎನ್ನುವ ಪಂಗಡ. ಸೊನೋಮಾಗೆ ಹೊರಟವರಿಗೆ ಇದೇ ಪಂಗಡದ ಇನ್ನೊಬ್ಬರು ಪಾಸೊ ರೋಬಲ್ಸ್ ಹೇಳುತ್ತಾರೆ. ಡಬ್ಲಿನ್ನಿನಲ್ಲಿ ಮನೆಯಿರುವ ಯೋಜಕನಿಗೆ ಲಿವರ್‌ಮೋರ್ ಕಣಿವೆ ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿಯ ವೆಂಟಿ, ಕಾನ್‌ಕ್ಯಾನನ್ ವೈನರಿಗಳು ಎರಡೂ 1883ರವು. ಅದನ್ನು ಆತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೇತುವೆಗೆ ಟೋಲ್ ಕಟ್ಟದೆ ತಲುಪುವ ಜಾಗಕ್ಕೆ ಯೋಜನೆ ಎಂಥದ್ದು?

ಸಿನಿಮಾ ನೋಡಿ ಆರಿಸುವವರೂ ಇದ್ದಾರೆ. 2004ರಲ್ಲಿ ಬಂದ ‘ಸೈಡ್‌ವೇಸ್’ ಚಿತ್ರದ ನಾಯಕ ಮೆರ್ಲೊ ಎಂದರೆ ಸಿಡಿದೇಳುತ್ತಾನೆ, ಪಿನೊ ನುವಾ ಎಂದರೆ ಕರಗುತ್ತಾನೆ. ಅಂದಿನಿಂದ ಒಂದು ಪೀಳಿಗೆ ಮೆರ್ಲೊ ಕುಡಿದೇ ನೋಡದೆ ಅದನ್ನು ತಿರಸ್ಕರಿಸಿತು. ಆ ಕಥೆ ನಡೆಯುವುದು ನಾಪಾದಿಂದ ನೂರಾರು ಮೈಲಿ ದಕ್ಷಿಣದ ಸಾಂಟಾ ಬಾರ್ಬರಾ ಸೀಮೆಯಲ್ಲಿ ಎಂಬುದು ಇವರಿಗೆ ಅಡ್ಡಿಯಾಗಿಲ್ಲ. ಮೆರ್ಲೊ ಕಾಲಮ್ಮಿಗೆ ಸೊನ್ನೆ ಅಂಕ.

ಊರಿಗೆ ವಾಪಸಾಗಿ ನೆಲೆಸಿದ ಯೋಜಕನನ್ನು ಉಪಜಾತಿಯೆಂದು ಗಣಿಸಬಹುದು. ಅವನದು ಬೇರೆ ಸಂಕಟ. ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ಅವರ ತೋಟ 1980ರ ದಶಕದ ಕೊನೆಯಿಂದ ಇದೆ. ಬೋರ್ಡೊ ಪ್ರಾಂತ್ಯದ ವೈನ್ ತಜ್ಞ ಮಿಶೆಲ್ ರೋಲಾನ್ ಅದಕ್ಕೆ ಸಲಹೆಗಾರರಾಗಿದ್ದರು. ಆದರೆ ಸುತ್ತಮುತ್ತ ಹೋಗಿ ನೋಡಬಹುದಾದ ವೈನರಿಗಳು ಕೈಬೆರಳಿಗೂ ಕಡಿಮೆ. ಆರಿಸುವುದಕ್ಕೆ ಏನೂ ಇಲ್ಲದೆ ಈತ ಒಂದು ವಾರಾಂತ್ಯ ಒದ್ದಾಡಿ, ಕೊನೆಗೆ ನಾಸಿಕಕ್ಕೆ ಹೊರಡುತ್ತಾನೆ.

ಮೂಲ ಜಾತಿಗೆ ಮರಳಿದರೆ, ಪಟ್ಟಿಯನ್ನು ನಿಜವಾಗಿ ಕತ್ತರಿಸುವುದು ರುಚಿಯಲ್ಲ, ಕಾಯಿದೆ. ನಾಪಾ ಕೌಂಟಿ 1968ರಲ್ಲಿಯೇ ಕಣಿವೆಯ ನೆಲವನ್ನು ಕೃಷಿಗೆಂದು ಮೀಸಲಿಟ್ಟಿತು. ಅಮೆರಿಕದಲ್ಲಿ ಅಂಥ ಮೀಸಲು ಅದೇ ಮೊದಲು. ಇಲ್ಲದಿದ್ದರೆ ಆ ತೋಟಗಳಿದ್ದ ಜಾಗದಲ್ಲಿ ಇಂದು ಯೋಜಕನದೇ ಮನೆ ಇರುತ್ತಿತ್ತು. 1990ರಲ್ಲಿ ಇನ್ನೊಂದು ಕಟ್ಟಳೆ ಬಂತು: ಅಲ್ಲಿಂದ ಮುಂದೆ ಅನುಮತಿ ಪಡೆಯುವ ವೈನರಿಗಳು ಮೊದಲೇ ಅಪಾಯಿಂಟ್‌ಮೆಂಟ್ ಪಡೆದವರಿಗಷ್ಟೇ ಟೇಸ್ಟಿಂಗ್ ಕೊಡಬೇಕು. ವೈನರಿ ಎಂದರೆ ತೋಟದ ಕೆಲಸಕ್ಕೆ ಸೇರಿದ್ದು, ಜಾತ್ರೆಯ ಮೈದಾನವಾಗಬಾರದು ಎಂಬುದು ಅದರ ಹಿಂದಿನ ವಾದ. ಹಳೆಯವು ಈ ಕಟ್ಟಳೆಯಿಂದ ತಪ್ಪಿಸಿಕೊಂಡವು, ಆದರೆ ಈಚೆಗೆ ಅವುಗಳಲ್ಲೂ ಅನೇಕವು ಬುಕಿಂಗನ್ನೇ ಬಯಸುತ್ತವೆ. ಹೀಗೆ ಮಧ್ಯಾಹ್ನದ ಹೊತ್ತು ಸುಮ್ಮನೆ ಒಳಗೆ ನುಗ್ಗುವ ಸ್ವಾತಂತ್ರ್ಯ ಹೋಗಿ, ಹತ್ತೂವರೆಗೆ ಒಂದು, ಹನ್ನೆರಡೂವರೆಗೆ ಒಂದು, ಮೂರಕ್ಕೆ ಒಂದು ಎಂಬ ವೇಳಾಪಟ್ಟಿ ಬಂತು. ಉಳಿದವರಿಗೆ ಇದು ತಲೆನೋವು. ಯೋಜಕನಿಗೆ ಮೈಯಲ್ಲಿ ಹೊಸ ರಕ್ತ ಬಂದ ಹಾಗೆ ಆಗುತ್ತದೆ. ಕ್ಯಾಲೆಂಡರಿನ ಆಮಂತ್ರಣ ಮನೆಯವರಿಗೆಲ್ಲ ಹೋಗುತ್ತದೆ. ಮಾವನವರು ಅದನ್ನು ಒತ್ತಿ ನೋಡುವಾಗ ‘ಡಿಕ್ಲೈನ್’ ಆಗಿಬಿಡುತ್ತದೆ, ಅದರ ಮೇಲೊಂದು ಸಣ್ಣ ವಿಚಾರಣೆ ನಡೆಯುತ್ತದೆ.

ಶುಲ್ಕದ ಮಾತು ಬಂದಾಗ ಮನೆಯಲ್ಲಿ ದನಿ ತಗ್ಗುತ್ತದೆ. ತಲೆಗೆ ಐವತ್ತು ಡಾಲರ್ ಎಂಬುದು ಈಗ ಆಶ್ಚರ್ಯದ ಮೊತ್ತವಲ್ಲ, ನೂರು ದಾಟುವ ಕಡೆಗಳೂ ಇವೆ. ಬಂದ ಹೊಸತರಲ್ಲಿ ಎಲ್ಲವನ್ನೂ ರೂಪಾಯಿಗೆ ಗುಣಿಸುವ ಮಾವನವರಿಂದ ಈ ಅಂಕಿಯನ್ನು ಮುಚ್ಚಿಡುವುದು ಯೋಜಕನ ಹೆಂಡತಿಯ ಜವಾಬ್ದಾರಿ. ‘ಪ್ಯಾಕೇಜ್ ಅಪ್ಪಾ, ಎಲ್ಲ ಸೇರಿ’ ಎಂದು ಆಕೆ ಹೇಳುತ್ತಾಳೆ. ಎಲ್ಲವೆಂದರೆ ಏನೇನು ಎಂದು ಅವರು ಕೇಳದಿರುವುದು ಮಗಳ ಮೇಲಿನ ಪ್ರೀತಿಯಿಂದ.

ಕಾಯಿದೆ ಕತ್ತರಿಸಿ ಉಳಿದದ್ದನ್ನು ಮನೆಯ ಮಂದಿ ಕತ್ತರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕುಡಿಯುವ ವಯಸ್ಸು 21. ಅದಕ್ಕಿಂತ ಚಿಕ್ಕವರನ್ನು ಎಷ್ಟೋ ವೈನರಿಗಳು ಒಳಗೇ ಬಿಡುವುದಿಲ್ಲ. ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ ಪಟ್ಟಿಯ ಅರ್ಧವನ್ನು ಹೀಗೆ ನುಂಗುತ್ತಾರೆ. ಗುಂಪು ಏಳೆಂಟು ಜನರನ್ನು ಮೀರಿದರೆ ಬೇರೆ ನಿಯಮ, ಬೇರೆ ದರ. ಷಡ್ಡಕನ ಸಂಸಾರ ತಾವೂ ಬರುತ್ತೇವೆಂದ ಕೂಡಲೇ ಇನ್ನು ಕಾಲು ಭಾಗ ಹೋಗುತ್ತದೆ. ಉಳಿದದ್ದರ ಮೇಲೆ ಅತ್ತೆಯವರ ತಕರಾರು. ‘ಕುಡಿಯೋ ಜಾಗಕ್ಕೆ ನಾನ್ಯಾಕೆ ಬರ್ಲಿ? ನೀವು ಹೋಗ್ಬನ್ನಿ, ನಾನು ಮನೇಲಿ ಹುರುಳಿ ಕಟ್ಟು ಬಸ್ದಿಟ್ಟಿರ್ತೀನಿ.’ ಅತ್ತೆಯವರು ಬಾರದಿದ್ದರೆ ಮಾವನವರು ಬರುವುದಿಲ್ಲ. ಬಾಯಲ್ಲಿ ಹಾಗೆ ಹೇಳುತ್ತಾರೆ, ಮುಖ ಬೇರೆ ಹೇಳುತ್ತದೆ.

ಇಂಥ ಇಕ್ಕಟ್ಟಿಗೆ ಕಣಿವೆ ಒಂದು ಪರಿಹಾರ ಕಟ್ಟಿಟ್ಟಿದೆ. ಕ್ಯಾಲಿಸ್ಟೋಗಾದ ಹತ್ತಿರ ಡಾರಿಯೊ ಸಟೂಯಿ ಎಂಬವರು ಹದಿಮೂರನೆಯ ಶತಮಾನದ ಟಸ್ಕನಿಯ ಮಾದರಿಯಲ್ಲಿ 107 ಕೋಣೆಗಳ ಕೋಟೆಯನ್ನು ವರ್ಷಗಟ್ಟಲೆ ಕಟ್ಟಿಸಿ, 2007ರಲ್ಲಿ ಜನರಿಗೆ ತೆರೆದರು: ಕಾಸ್ಟೆಲ್ಲೊ ಡಿ ಅಮೊರೊಸಾ. ಕಂದಕವಿದೆ, ಎತ್ತುವ ಸೇತುವೆಯಿದೆ, ಕಾವಲು ಗೋಪುರಗಳಿವೆ, ಕೆಳಗಿಳಿದರೆ ಚಿತ್ರಹಿಂಸೆಯ ಕೋಣೆಯಿದೆ. ಮಕ್ಕಳಿಗೆ ದ್ರಾಕ್ಷಿರಸ ಕೊಡುತ್ತಾರೆ. ಸಣ್ಣ ವೈನರಿಯ ಮತದವರು ಈ ಹೆಸರು ಕೇಳಿದರೆ ಮೂಗು ಮುರಿಯುತ್ತಾರೆ, ಯೋಜಕನೂ ತನ್ನ ಮದುವೆಯಾದ ಹೊಸತರಲ್ಲಿ ಮುರಿದವನೇ. ಈಗ ಸೂತ್ರ ಏನೇ ಹೇಳಲಿ, ಕೋಟೆ ಪಟ್ಟಿಯಲ್ಲಿ ಖಾಯಂ. ಅತ್ತೆಯವರಿಗೆ ‘ಚಿತ್ರದುರ್ಗದ ಥರ ಕೋಟೆ ಅತ್ತೆ, ವೈನು ಗೀನು ಒಂದು ಮೂಲೇಲಿ ಇರುತ್ತೆ ಅಷ್ಟೆ’ ಎಂದು ಒಪ್ಪಿಸಲಾಗುತ್ತದೆ. ಮಂಡಿನೋವಿನವರಿದ್ದರೆ ಗುಡ್ಡದ ಮೇಲಿನ ಸ್ಟರ್ಲಿಂಗ್ ಇನ್ನೊಂದು ದಾರಿ: ಮೇಲಕ್ಕೆ ಹೋಗಲು ರೋಪ್‌ವೇ ಇದೆ. 2020ರ ಗ್ಲಾಸ್ ಫೈರ್ ಕಾಡ್ಗಿಚ್ಚಿನಲ್ಲಿ ಹಾನಿಯಾಗಿ ಮುಚ್ಚಿದ್ದ ಅದು 2023ರಲ್ಲಿ ಮತ್ತೆ ತೆರೆಯಿತು.

ಉಳಿದದ್ದು ಭೂಗೋಳ. ಯೋಜಕನ ಮೇಧಾಶಕ್ತಿ ಪೂರ್ತಿಯಾಗಿ ಬೆಳಗುವುದು ಇಲ್ಲಿ. ಕಣಿವೆಯ ಉದ್ದಕ್ಕೂ ಎರಡು ರಸ್ತೆಗಳು ಸಮಾನಾಂತರವಾಗಿ ಸಾಗುತ್ತವೆ: ಪಶ್ಚಿಮಕ್ಕೆ ಹೆದ್ದಾರಿ 29, ಪೂರ್ವಕ್ಕೆ ಸಿಲ್ವರಾಡೊ ಟ್ರೇಲ್. ನಡುನಡುವೆ ಓಕ್‌ವಿಲ್, ರುದರ್‌ಫರ್ಡ್ ಮುಂತಾದ ಅಡ್ಡರಸ್ತೆಗಳು. ದೊಡ್ಡ ಹೆಸರುಗಳು ಹೆಚ್ಚಾಗಿ 29ರ ಮೇಲಿವೆ. ವಾಹನಗಳ ಸಾಲೂ ಅಲ್ಲೇ. ಶನಿವಾರ ಮಧ್ಯಾಹ್ನ ಆ ರಸ್ತೆಯಲ್ಲಿ ಎಡಕ್ಕೆ ತಿರುಗಬೇಕೆಂದರೆ, ಬಲಬದಿಗೆ ಗಾಡಿ ಓಡಿಸುವ ದೇಶವಾದ್ದರಿಂದ, ಎದುರಿನಿಂದ ಬರುವ ಸಾಲನ್ನು ಸೀಳಬೇಕು. ಸಾಲು ಬಿರುಕು ಬಿಡುವುದೇ ಇಲ್ಲ. ಆದ್ದರಿಂದ 29ರಲ್ಲಿ ಎಡ ತಿರುವೇ ಇಲ್ಲದ ದಿನವೊಂದನ್ನು ರಚಿಸುವುದು ಯೋಜಕನ ಜೀವನದ ಗುರಿ. ಬೆಳಿಗ್ಗೆ ಸಿಲ್ವರಾಡೊ ಹಿಡಿದು ಉತ್ತರಕ್ಕೆ ಏರುವುದು, ಕ್ಯಾಲಿಸ್ಟೋಗಾದಲ್ಲಿ ತಿರುಗುವುದು, ಸಂಜೆ 29ರಲ್ಲಿ ಇಳಿಯುತ್ತ ಬಲಗಡೆಯ ವೈನರಿಗಳನ್ನು ಮಾತ್ರ ನೋಡುವುದು. ಇದರ ಫಲ ವಿಚಿತ್ರ. ಓಕ್‌ವಿಲ್ಲಿನಲ್ಲಿ ರಾಬರ್ಟ್ ಮೊಂಡಾವಿ 1966ರಲ್ಲಿ ಕಟ್ಟಿದ ವೈನರಿ ರಸ್ತೆಯ ಪಶ್ಚಿಮಕ್ಕಿದೆ. ಅದೇ ಮೊಂಡಾವಿ ಬೋರ್ಡೊದ ಬ್ಯಾರನ್ ಫಿಲಿಪ್ ಡಿ ರಾಥ್‌ಚೈಲ್ಡ್ ಜೊತೆಗೂಡಿ ಸ್ಥಾಪಿಸಿದ ಓಪಸ್ ಒನ್ ರಸ್ತೆಯ ಆಚೆಗೆ, ಹೆಚ್ಚುಕಡಿಮೆ ಎದುರುಬದುರು. ಯೋಜಕನ ಪಟ್ಟಿಯಲ್ಲಿ ಇವೆರಡು ಬೇರೆ ಬೇರೆ ದಿನಗಳಲ್ಲಿವೆ.

ಹೆಸರಿನ ಗೊಂದಲವೂ ಭೂಗೋಳದ್ದೇ ಒಂದು ಅಂಗ. ಸ್ಟ್ಯಾಗ್ಸ್ ಲೀಪ್ ಎಂಬ ಹೆಸರಿನ ವೈನರಿಗಳು ಕಣಿವೆಯಲ್ಲಿ ಎರಡಿವೆ, ಅದೂ ಅಕ್ಕಪಕ್ಕದಲ್ಲಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದಕ್ಕೆ ಅಪಾಸ್ಟ್ರಫಿ ಚಿಹ್ನೆ ಮೊದಲ ಪದದ ಕೊನೆಯ ಅಕ್ಷರದ ಹಿಂದೆ, ಇನ್ನೊಂದಕ್ಕೆ ಮುಂದೆ. ಈ ಹೆಸರಿಗಾಗಿ ಇಬ್ಬರೂ ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಜಗಳ ತೀರಿದ ಮೇಲೆ ಇಬ್ಬರೂ ಸೇರಿ ಒಂದು ವೈನನ್ನೇ ಮಾಡಿದರು. ಇದನ್ನು ಯೋಜಕ ಎಲ್ಲರಿಗೂ ವಿವರಿಸಿ ಎಚ್ಚರಿಸಿದ ಮೇಲೂ ಷಡ್ಡಕನ ಕಾರು ಇನ್ನೊಂದಕ್ಕೇ ಹೋಗಿ ನಿಂತಿರುತ್ತದೆ.

ಹೊರಡುವ ದಿನ ಫ್ರೀಮಾಂಟಿನಿಂದ 680 ಹಿಡಿದು, ಬೆನಿಶಿಯಾ ಸೇತುವೆಯಲ್ಲಿ ಟೋಲ್ ಕಟ್ಟಿ, ಟ್ರಾಫಿಕ್ ಕೃಪೆ ಮಾಡಿದರೆ ಒಂದೂವರೆ ಗಂಟೆಯಲ್ಲಿ ನಾಪಾ. ಏಳು ಸೀಟಿನ ಮಿನಿವ್ಯಾನಿನಲ್ಲಿ ಮುಂದೆ ಮಾವ, ನಡುವೆ ಅತ್ತೆ ಮತ್ತು ಮಕ್ಕಳು, ಹಿಂದೆ ಹೆಂಡತಿ ಮತ್ತು ಪುಳಿಯೋಗರೆ. ಸೇತುವೆ ದಾಟುತ್ತಿದ್ದಂತೆ ಯೋಜಕ 1976ರ ಕಥೆ ಶುರುಮಾಡುತ್ತಾನೆ. ಪ್ಯಾರಿಸ್ಸಿನಲ್ಲಿ ಅಂಗಡಿಯಿಟ್ಟಿದ್ದ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷಿನವನು ಆ ವರ್ಷದ ಮೇ 24ರಂದು ಫ್ರಾನ್ಸಿನ ಘಟಾನುಘಟಿಗಳನ್ನು ಕೂರಿಸಿ, ಬಾಟಲಿಯ ಗುರುತು ಮರೆಮಾಡಿ, ಫ್ರೆಂಚ್ ವೈನನ್ನೂ ಕ್ಯಾಲಿಫೋರ್ನಿಯಾದ್ದನ್ನೂ ಕುಡಿಸಿದ. ಬಿಳಿಯದರಲ್ಲಿ ಶಾಟೊ ಮೊಂಟೆಲೆನಾ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್ ಗೆದ್ದವು. ಎರಡೂ ನಾಪಾದವು, ಎರಡೂ 1973ರ ಬೆಳೆಯವು. ಅಲ್ಲಿದ್ದ ಪತ್ರಕರ್ತ ಟೈಮ್ ಪತ್ರಿಕೆಯ ಜಾರ್ಜ್ ಟೇಬರ್ ಒಬ್ಬನೇ. ಆ ಎರಡು ವೈನುಗಳ ಬಾಟಲಿಗಳು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿವೆ. ಕಥೆಯನ್ನು ಗಮನವಿಟ್ಟು ಕೇಳಿದ ಮಾವನವರು ಒಂದು ನಿಮಿಷ ಯೋಚಿಸಿ, ‘ಅಂದ್ರೆ ಆ ಫ್ರೆಂಚಿನವರಿಗೆ ಏನೂ ಗೊತ್ತಿರ್ಲಿಲ್ಲ ಅನ್ನಿ ಅಳಿಯಂದ್ರೇ’ ಎನ್ನುತ್ತಾರೆ. ಯೋಜಕನ ಬಳಿ ಇದಕ್ಕೆ ಉತ್ತರವಿರುವುದಿಲ್ಲ. ವೈನಿನ ವಿಮರ್ಶಾಲೋಕವೂ ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ.

ಮೊದಲ ವೈನರಿಯಲ್ಲಿ ಎಲ್ಲವೂ ಪಟ್ಟಿಯಂತೆಯೇ ನಡೆಯುತ್ತದೆ. ಸುರಿಯುವ ಹುಡುಗಿ ಮಣ್ಣಿನ ಬಗ್ಗೆ, ಓಕ್ ಪೀಪಾಯಿಯ ಬಗ್ಗೆ, ಸ್ಯಾನ್ ಪಾಬ್ಲೊ ಕೊಲ್ಲಿಯಿಂದ ಬರುವ ಮಂಜು ಕಣಿವೆಯ ದಕ್ಷಿಣದ ಕಾರ್ನೆರೋಸನ್ನು ತಂಪಾಗಿಟ್ಟು ಕ್ಯಾಲಿಸ್ಟೋಗಾವನ್ನು ಸುಡಲು ಬಿಡುವ ಬಗ್ಗೆ ಹೇಳುತ್ತಾಳೆ. ಯೋಜಕ ಅವಳಿಗಿಂತ ಅರ್ಧ ವಾಕ್ಯ ಮುಂದೆ ತಲೆಯಾಡಿಸುತ್ತಿರುತ್ತಾನೆ. ಲೋಟದ ತಳದಲ್ಲಿ, ಕೂಸಿಗೆ ಒಳಲೆಯಲ್ಲಿ ಹರಳೆಣ್ಣೆ ಹಾಕುವಷ್ಟು ಅಳತೆಯಲ್ಲಿ, ಕ್ಯಾಬರ್ನೆ ಬೀಳುತ್ತದೆ. ಮಾವನವರು ಉಳಿದದ್ದು ಯಾವಾಗ ಬರುತ್ತದೆಂದು ಕಾಯುತ್ತಾರೆ. ಮೇಜಿನ ಮೇಲೆ ಒಂದು ಹೂಜಿಯಂಥದು ಇರುತ್ತದೆ. ಅದು ಉಗುಳುವುದಕ್ಕೆ ಎಂದು ತಿಳಿದಾಗ ಅವರಿಗೆ ಆಗುವ ಆಘಾತ ಶುಲ್ಕ ತಿಳಿದಿದ್ದರೆ ಆಗುತ್ತಿದ್ದುದಕ್ಕಿಂತ ಕಡಿಮೆಯೇನಲ್ಲ. ‘ದುಡ್ಡು ಕೊಟ್ಟು ತಗೊಂಡು ಉಗಿಯೋದಾ?’

ಉಗುಳುವವನು ಯೋಜಕನೊಬ್ಬನೇ. ಏಕೆಂದರೆ ಗಾಡಿ ಓಡಿಸುವವನೂ ಅವನೊಬ್ಬನೇ. ರಕ್ತದಲ್ಲಿ ಮದ್ಯದ ಅಂಶ 0.08 ಪ್ರತಿಶತ ಮುಟ್ಟಿದರೆ ಕ್ಯಾಲಿಫೋರ್ನಿಯಾದಲ್ಲಿ ಅಪರಾಧ, ವೀಸಾದ ಮೇಲಿರುವವನಿಗೆ ಅಪರಾಧಕ್ಕಿಂತ ಹೆಚ್ಚಿನದು. ತಿಂಗಳುಗಟ್ಟಲೆ ಆರಿಸಿದವನು, ಯಾವ ಗುಡ್ಡದ ಯಾವ ಮಗ್ಗುಲಿನ ಕ್ಯಾಬರ್ನೆ ಹೇಗಿರಬೇಕೆಂದು ಬಲ್ಲವನು, ಅದನ್ನು ಬಾಯಲ್ಲಿ ಒಂದು ಸುತ್ತು ತಿರುಗಿಸಿ ಹೂಜಿಗೆ ಬಿಡುತ್ತಾನೆ. ತನ್ನ ಪಾಲಿನ ಬಗೆಗಳನ್ನೂ ಮಾವನವರ ಲೋಟದ ಕಡೆಗೆ ಸರಿಸುತ್ತಾನೆ. ಬೇರೆ ದಾರಿ ಇಲ್ಲವೆಂದಲ್ಲ. ನಾಪಾದಿಂದ ಸೇಂಟ್ ಹೆಲೆನಾವರೆಗೆ 1989ರಿಂದ ವೈನ್ ಟ್ರೇನ್ ಓಡುತ್ತಿದೆ. ಕೂತರೆ ಊಟ, ವೈನು, ಕಿಟಕಿಯಲ್ಲಿ ದ್ರಾಕ್ಷಿ ತೋಟ ಎಲ್ಲ ಬರುತ್ತದೆ. ಆದರೆ ರೈಲು ಎಲ್ಲಿ ನಿಲ್ಲಬೇಕೆಂದು ರೈಲೇ ತೀರ್ಮಾನಿಸುತ್ತದೆ, ಯೋಜಕನಿಗೆ ಅದರಲ್ಲಿ ಕೆಲಸವಿಲ್ಲ. ಗಂಟೆಯ ಲೆಕ್ಕದಲ್ಲಿ ಡ್ರೈವರುಗಳೂ ಸಿಗುತ್ತಾರೆ. ಡ್ರೈವರಿಗೆ ಎಡ ತಿರುವಿನ ತತ್ತ್ವ ತಿಳಿಸಿ ಹೇಳುವವರು ಯಾರು?

ಮಧ್ಯಾಹ್ನದ ಊಟ ಯಾವ ಪಟ್ಟಿಯಲ್ಲೂ ಸರಿಯಾಗಿ ಕೂಡದ ಸಮಸ್ಯೆ. ಹೊರಗಿನ ಊಟವನ್ನು ವೈನರಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸೇಂಟ್ ಹೆಲೆನಾದ ವಿ. ಸಟೂಯಿಯಲ್ಲಿ ಅಂಗಡಿಯಿಂದ ಚೀಸು, ಬ್ರೆಡ್ಡು ಕೊಂಡು ಮರದಡಿ ಕೂರಬಹುದು, ಆದರೆ ಅತ್ತೆಯವರಿಗೆ ಚೀಸಿನ ವಾಸನೆ ಆಗದು. ಕಡೆಗೆ ಸೇಂಟ್ ಹೆಲೆನಾಗೂ ಕ್ಯಾಲಿಸ್ಟೋಗಾಗೂ ನಡುವಿನ ಬೋಥಿ ಸ್ಟೇಟ್ ಪಾರ್ಕಿನಲ್ಲಿ, ರೆಡ್‌ವುಡ್ ಮರಗಳ ಹತ್ತಿರದ ಮೇಜಿನ ಮೇಲೆ, ಪುಳಿಯೋಗರೆ, ಮೊಸರನ್ನ, ಕೋಡುಬಳೆ ಬಿಚ್ಚಲಾಗುತ್ತದೆ. ಮಾವನವರು ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಹುಣಸೆ, ಇಂಗು, ಬೆಳ್ಳುಳ್ಳಿಯಿಲ್ಲದ ಒಗ್ಗರಣೆ ನಾಲಿಗೆಯ ಮೇಲೆ ಕೂತ ನಂತರ ಮಧ್ಯಾಹ್ನದ ಯಾವ ವೈನಿನಲ್ಲೂ ಯಾವ ಹಣ್ಣಿನ ಛಾಯೆಯೂ ತಿಳಿಯುವುದಿಲ್ಲ. ಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ.

ಕೋಟೆಯಲ್ಲಿ ಅತ್ತೆಯವರು ಗೆಲ್ಲುತ್ತಾರೆ. ಚಿತ್ರಹಿಂಸೆಯ ಕೋಣೆಯಲ್ಲಿ ಅವರು ಕಳೆಯುವಷ್ಟು ಹೊತ್ತನ್ನು ಬೇರೆ ಯಾರೂ ಕಳೆಯುವುದಿಲ್ಲ. ಪ್ರತಿಯೊಂದು ಸಲಕರಣೆ ಯಾತಕ್ಕೆ, ಹೇಗೆ ಹಾಕುತ್ತಿದ್ದರು, ಎಷ್ಟು ಹೊತ್ತು ಎಂದು ಮಗಳ ಮೂಲಕ ಗೈಡನ್ನು ಕೇಳಿಸುತ್ತಾರೆ. ಮೂರು ಗಂಟೆಯ ಅಪಾಯಿಂಟ್‌ಮೆಂಟು ಅಲ್ಲಿಗೇ ತಪ್ಪುತ್ತದೆ. ಮೂರನೆಯ ವೈನರಿ ಎಂಬುದು ಎಲ್ಲ ಯೋಜನೆಗಳಲ್ಲೂ ತಪ್ಪುತ್ತದೆ, ಮತ್ತು ಅತಿ ಹೆಚ್ಚು ವಿಚಾರಮಾಡಿ ಆರಿಸಿದ್ದು ಯಾವಾಗಲೂ ಅದೇ ಆಗಿರುತ್ತದೆ, ಏಕೆಂದರೆ ಒಳ್ಳೆಯದನ್ನು ಕೊನೆಗಿಡುವುದು ಯೋಜಕರ ಚಾಳಿ. ಟೇಸ್ಟಿಂಗ್ ಕೋಣೆಗಳು ಐದರ ಸುಮಾರಿಗೆ ಮುಚ್ಚುತ್ತವೆ. ಉಳಿದ ಹೊತ್ತಿಗೆ ಕ್ಯಾಲಿಸ್ಟೋಗಾದ ಬಿಸಿನೀರಿನ ಚಿಲುಮೆ ಸಾಕು. ಮಕ್ಕಳು ಕುಣಿಯುತ್ತಾರೆ, ಹಿರಿಯರು ಅದರ ಹತ್ತಿರದ ಆಡುಗಳನ್ನು ನೋಡುತ್ತಾರೆ. ರಾತ್ರಿ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹೋಗುವ ಫೋಟೊಗಳಲ್ಲಿ ಕೋಟೆ ಹನ್ನೊಂದು, ಚಿಲುಮೆ ಆರು, ಪುಳಿಯೋಗರೆ ಎರಡು. ನಾಪಾ ವೈನಿಗೆ ಪ್ರಸಿದ್ಧ ಎಂದು ಊರಿನವರು ಅದರಿಂದ ಊಹಿಸುವುದು ಕಷ್ಟ.

ಯಾತ್ರೆ ಮುಗಿದರೂ ಅದರ ಶೇಷ ಉಳಿಯುತ್ತದೆ. ಮೊದಲ ವೈನರಿಯಲ್ಲಿ ಬಿಲ್ಲು ಬಂದಾಗ, ಕ್ಲಬ್ಬಿನ ಸದಸ್ಯರಾದರೆ ಈ ದಿನದ ಶುಲ್ಕ ಬಿಡುತ್ತೇವೆ ಎಂದು ಸುರಿಯುವ ಹುಡುಗಿ ಹೇಳಿದ್ದಳು. ಶುಲ್ಕ ಉಳಿಯಿತೆಂದು ಯೋಜಕ ಅಲ್ಲೇ ಸಹಿ ಹಾಕಿದ್ದ. ವರ್ಷಕ್ಕೆ ಇಂತಿಷ್ಟು ಸಲ, ಇಂತಿಷ್ಟು ಬಾಟಲಿ, ಕಾರ್ಡಿನಿಂದ ತಾನಾಗಿ ಕಡಿತ. ಉಳಿದ ಶುಲ್ಕಕ್ಕಿಂತ ಇದು ಹೆಚ್ಚೆಂಬುದು ಅವನ ಸ್ಪ್ರೆಡ್‌ಶೀಟಿಗೆ ಮೊದಲ ಪೆಟ್ಟಿಗೆ ಬಂದಾಗ ತಿಳಿಯುತ್ತದೆ. ಪೆಟ್ಟಿಗೆಯನ್ನು ಬಾಗಿಲಲ್ಲಿಟ್ಟು ಹೋಗುವಂತಿಲ್ಲ, 21 ತುಂಬಿದವರು ಯಾರಾದರೂ ಸಹಿ ಮಾಡಿ ತೆಗೆದುಕೊಳ್ಳಬೇಕು. ಹಗಲಿನಲ್ಲಿ ಗಂಡ ಹೆಂಡತಿ ಆಫೀಸಿನಲ್ಲಿ, ಮಕ್ಕಳು ಶಾಲೆಯಲ್ಲಿ, ಮಾವನವರು ಲೈಬ್ರರಿಯಲ್ಲಿ. ಬಾಗಿಲು ತೆರೆಯುವವರು ಅತ್ತೆಯವರು. ಡ್ರೈವರು ಗುರುತಿನ ಚೀಟಿ ಕೇಳುತ್ತಾನೆ, ಅವರು ಪಾಸ್‌ಪೋರ್ಟ್ ತಂದು ತೋರಿಸುತ್ತಾರೆ. ಹುಟ್ಟಿದ ವರ್ಷ 1954 ಎಂದು ನೋಡಿ ಅವನು ನಗುತ್ತಾನೆ. ಅತ್ತೆಯವರು ಅವನ ಯಂತ್ರದ ಗಾಜಿನ ಮೇಲೆ ಬೆರಳಿನಿಂದ ಕನ್ನಡದಲ್ಲಿ ಸಹಿ ಮಾಡಿ, ಆರು ಕ್ಯಾಬರ್ನೆ ಬಾಟಲಿಗಳನ್ನು ಒಳಗೆ ಎಳೆದುಕೊಂಡು, ತಂಪಾಗಿರಲೆಂದು ಅಕ್ಕಿ ಡಬ್ಬದ ಪಕ್ಕದಲ್ಲಿ ಇಡುತ್ತಾರೆ.